ನೀಲವ್ವಾಯಿ ಕಟ್ಟಿದ ಗಂಟು

ಮೊಸರಿನ ಗಡಿಗೆಯ ಬಾಯಿಗೆ ಬಟ್ಟೆ ಹಾಕಿ ನೀಲವ್ವಾಯಿ ಕಟ್ಟುತ್ತಿದ್ದ ಗಂಟು ಅವಳೊಬ್ಬಳಿಗೇ ಗೊತ್ತಿತ್ತು. ಬೆಳಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಗಂಟು ನೋಡುತ್ತಿದ್ದಳು. ಅದು ಇದ್ದ ಹಾಗೇ ಇದ್ದರೂ ಸಮಾಧಾನವಿಲ್ಲ. "ಬಿಚ್ಚಿ ಮತ್ತ ಹಂಗ ಕಟ್ಟಾಕ ಬರತೈತಿ ಕೆಲವರಿಗೆ," ಎಂದು ಯಾರ ಕಡೆಗೂ ನೋಡದೆ ಹೇಳುತ್ತಿದ್ದಳು.

ಬೈಲಹೊಂಗಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವಳ ಖಾನಾವಳಿ. ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಮಾಡುತ್ತೇನೆ ಎಂದಾಗ ಆಯಿ ಕೇಳಿದ ಮೊದಲ ಮಾತು, "ಆ ಹುಳಾ ನಿಮ್ಮ ಕೈಗೆ ಹತ್ಕೊಂಡು ನಮ್ಮ ಮನಿಗೆ ಬರಂಗಿಲ್ಲಲ್ಲ, ಅಕ್ಕಾರ?" ಅಂದಿನಿಂದ ನಾನು ಕೈ ತೊಳೆಯುವುದನ್ನು ನಿಂತು ನೋಡಿದ ಮೇಲೆಯೇ ರೊಟ್ಟಿ ಬಡಿಸುತ್ತಿದ್ದಳು. ಸಂತೆಗೆ ಜೊತೆಯಲ್ಲಿ ಹೋದರೆ ಉಪದೇಶ ಬೇರೆ: "ತಕ್ಕಡಿ ನೋಡಬ್ಯಾಡ್ರಿ, ತೂಗಾಂವನ ಹೆಬ್ಬಟ್ಟ ನೋಡ್ರಿ." ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಕೆಲವು ತಿಂಗಳಲ್ಲಿ ನಾನೂ ಹೆಬ್ಬೆರಳು ನೋಡತೊಡಗಿದೆ.

ಆ ಮನೆಗೆ ಸೊಸೆಯಾಗಿ ಬಂದವಳು ದೊಡವಾಡದ ಶೋಭಾ. ತವರಿನಿಂದ ಬರುವಾಗ ಸ್ಟೀಲಿನ ಡಬ್ಬಿಯಲ್ಲಿ ಅವ್ವನ ಮನೆಯ ಹೆಪ್ಪು ತಂದಿದ್ದಳು. ಆಯಿಯ ಹೆಪ್ಪಿಗೆ ಹಾಲು ಗಟ್ಟಿಯಾಗಲು ರಾತ್ರಿಯೆಲ್ಲ ಬೇಕು. ಶೋಭಾಳದು ಬೆಳಗ್ಗೆ ಹಾಕಿದರೆ ಮಧ್ಯಾಹ್ನದ ಊಟಕ್ಕೆ ಸಿದ್ಧ. ಆಯಿಗೆ ಮೊಣಕಾಲು ನೋವು ಹಿಡಿದಾಗ ಮಗ ಮೊಸರಿನ ಕೆಲಸವನ್ನು ಹೆಂಡತಿಗೆ ಒಪ್ಪಿಸಿದ. ಅವಳು ದಿನಾ ಬೆಳಗ್ಗೆ ತನ್ನ ಹೆಪ್ಪನ್ನೇ ಹಾಕತೊಡಗಿದಳು. ಅಲ್ಲಿಂದ ಶುರುವಾಯಿತು ಗೋಳು. ಮಧ್ಯಾಹ್ನ ಗಡಿಗೆ ಬಿಚ್ಚಿದರೆ ಒಳಗೆ ನೀರು ನೀರಾದ ಹಾಲು. ಒಂದು ದಿನವಲ್ಲ, ವಾರಗಟ್ಟಲೆ. ಮೊಸರಿಗಾಗಿಯೇ ಬರುತ್ತಿದ್ದ ಗಿರಾಕಿಗಳು ಎದುರಿನ ಖಾನಾವಳಿಗೆ ಹೋಗತೊಡಗಿದರು.

ಆಯಿ ಒಂದು ಲೋಟದಲ್ಲಿ ಆ ಹಾಲು ತಂದು ನನ್ನ ಮುಂದಿಟ್ಟಳು. "ಏನ್ ಹಾಕಾಕತ್ತಾಳ ಇದರಾಗ, ನಿಮ್ಮ ದುರ್ಬೀನಿನ್ಯಾಗ ನೋಡ್ರಿ. ಖಾನಾವಳಿ ಮುಳುಗಿಸಿ ಬ್ಯಾರೆ ಮನಿ ಮಾಡೋ ಆಟ ಇದು. ಪಂಚಮಿಗೆ ತವರಿಗೆ ಕಳಸ್ತೇನಿ, ಮತ್ತ ಕರಿಯಾಕ ಯಾರೂ ಹೋಗಂಗಿಲ್ಲ."

ಶೋಭಾ ಹಿತ್ತಲಲ್ಲಿ ನಿಂತು ಅಳುತ್ತಿದ್ದಳು. "ನಾ ಏನೂ ಹಾಕಿಲ್ರಿ ಅಕ್ಕಾರ. ನಮ್ಮವ್ವನ ಆಣಿ," ಎಂದಳು. ಅವಳ ಕಣ್ಣೀರನ್ನೂ ಒಂದು ಕ್ಷಣ ಅನುಮಾನಿಸಿದೆ. ಸಹವಾಸದೋಷ!

ಇಬ್ಬರ ಹೆಪ್ಪನ್ನೂ ಬೇರೆ ಬೇರೆಯಾಗಿ ಕೇಳಿ ಕಾಲೇಜಿನ ಪ್ರಯೋಗಾಲಯಕ್ಕೆ ತೆಗೆದುಕೊಂಡು ಹೋದೆ. ಗಾಜಿನ ತಟ್ಟೆಯೊಂದರಲ್ಲಿ ಶೋಭಾಳ ಹೆಪ್ಪಿನ ಜೀವಿಗಳನ್ನು ಹರಡಿ, ನಡುವೆ ಆಯಿಯ ಹೆಪ್ಪಿನದೊಂದು ಹನಿ ಇಟ್ಟೆ. ಮರುದಿನ ತಟ್ಟೆಯ ತುಂಬ ಬೆಳ್ಳಗೆ ಬೆಳೆದಿತ್ತು, ಆ ಹನಿಯ ಸುತ್ತ ಮಾತ್ರ ಖಾಲಿ. ಹುಳಿಯಿಂದ ಹೀಗಾಗಿರಬಹುದೆಂದು ಹುಳಿ ತಗ್ಗಿಸಿ ಮತ್ತೆ ನೋಡಿದೆ. ಖಾಲಿ ಜಾಗ ಖಾಲಿಯೇ ಉಳಿಯಿತು. ಆಯಿಯ ಹೆಪ್ಪು ಸುತ್ತಲೂ ವಿಷ ಬಿಟ್ಟು ಶೋಭಾಳದನ್ನು ಕೊಂದಿತ್ತು. ಆದರೆ ಎರಡೂ ಒಂದೇ ಗಡಿಗೆಯಲ್ಲಿ ಸೇರಿದ್ದು ಹೇಗೆ?

ತಟ್ಟೆಯನ್ನು ಖಾನಾವಳಿಗೆ ತಂದು ಇಬ್ಬರಿಗೂ ತೋರಿಸಿದೆ. ಆಯಿ ಬೆಳಕಿಗೆ ಹಿಡಿದು ನೋಡಿದಳು. "ಇದೇನ್ರೀ, ಅಂಗಳದ ಕಸಾ ಉಡಗಿದಂಗ ಆಗೇತಿ?"

"ನಿಮ್ಮಿಬ್ಬರ ಹೆಪ್ಪೂ ಒಂದೇ ಹಾಲು ಉಣ್ಣೋ ದಾಯಾದಿಗಳು, ಆಯಿ. ಅದಕ್ಕೇ ಈ ಹಗೆ. ನಿಮ್ಮದು ವಿಷ ಬಿಟ್ಟು ಕೊಲ್ಲೋದರಲ್ಲಿ ಚುರುಕು, ಮೊಸರು ಮಾಡೋದರಲ್ಲಿ ನಿಧಾನ. ಶೋಭಾಳದು ಸತ್ತ ಮೇಲೆ ಮಧ್ಯಾಹ್ನದೊಳಗೆ ಮೊಸರಾಗೋದು ಹೇಗೆ?"

"ತನ್ನ ವಿಷಾ ತನಗ ಹತ್ತಂಗಿಲ್ಲೇನು?"

"ಇಲ್ಲ. ಮದ್ದೂ ಅದರ ಹತ್ತಿರವೇ ಇರುತ್ತದೆ."

"ನನ್ನ ಬಾಯಿ ಇದ್ದಂಗ," ಎಂದು ತಟ್ಟೆ ಕೆಳಗಿಟ್ಟಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: "ಆಕೀ ಹೆಪ್ಪಿನ ಮ್ಯಾಲ ನನಗ ನಂಬಿಗಿ ಇರಲಿಲ್ಲ. ಮಸರು ಕೆಡಬಾರದಂತ, ಆಕೀ ಆ ಕಡೆ ಹೋದಾಗ ದಿನಾ ನಂದೂ ಒಂದ್ ಚಮಚಾ ಹಾಕ್ತಿದ್ದೆ."

ಶೋಭಾ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತಳೋ ನಕ್ಕಳೋ, ನನಗೆ ಇನ್ನೂ ಗೊತ್ತಿಲ್ಲ. ಆಯಿ ಕ್ಷಮೆಯನ್ನೇನೂ ಕೇಳಲಿಲ್ಲ. ತನ್ನ ಹೆಪ್ಪಿನ ಗಡಿಗೆಯನ್ನು ಎತ್ತಿಕೊಂಡು ಹೋಗಿ ದೂರದ ಗೂಡಿನಲ್ಲಿಟ್ಟಳು. ಪಂಚಮಿಗೆ ಶೋಭಾ ತವರಿಗೆ ಹೋದಳು. ಕರೆತರಲು ಆಯಿಯೇ ದೊಡವಾಡದ ಬಸ್ ಹತ್ತಿದಳು. "ಅವರವ್ವ ಹೆಪ್ಪು ಹೆಂಗ ಹಾಕ್ತಾಳ ನೋಡೇ ಬಿಡ್ತೇನಿ," ಎಂಬ ನೆಪ ಮಾಡಿಕೊಂಡು.

ಕೊನೆಯ ಸಲ ಕಂಡಾಗ ಆಯಿ ಹಾಸಿಗೆ ಹಿಡಿದಿದ್ದಳು. ಔಷಧಿಯ ಚೀಟಿಯನ್ನು ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ ಶೋಭಾಳನ್ನು ಹತ್ತಿರ ಕೂರಿಸಿಕೊಂಡು, ಲೋಟದ ಮೇಲೆ ಬಟ್ಟೆ ಹಾಕಿ, ಆ ಗಂಟು ಕಟ್ಟುವುದನ್ನು ತೋರಿಸಿದಳು. ನನ್ನ ಕಡೆ ತಿರುಗಿ, "ನೀವ್ ಆ ಕಡೆ ನೋಡ್ರಿ," ಎಂದಳು. ನಾನು ಗೋಡೆ ನೋಡುತ್ತ ಕುಳಿತೆ.

ಮೊನ್ನೆ ಖಾನಾವಳಿಗೆ ಹೋಗಿದ್ದೆ. ಒಲೆಯ ಪಕ್ಕ ಒಂದು ಗಡಿಗೆ, ದೂರದ ಗೂಡಿನಲ್ಲಿ ಇನ್ನೊಂದು. ಆಯಿ ಹೋದ ಮೇಲೂ ಅವಳ ಹೆಪ್ಪು ಬದುಕಿದೆ. ಮುಟ್ಟಿ ನೋಡೋಣವೆಂದು ಗಂಟಿನ ಮೇಲೆ ಕೈ ಇಟ್ಟೆ ಅಷ್ಟೆ.

"ಅಕ್ಕಾರ," ಎಂದಳು ಶೋಭಾ ಹಿಂದಿನಿಂದ, ಥೇಟ್ ಆಯಿಯ ದನಿಯಲ್ಲಿ. "ಕೈ ತೊಳಕೊಂಡೀರೇನು?"