ಪ್ರದರ್ಶನದ ತೊಟ್ಟಿಲಲ್ಲಿ ನನ್ನ ಮಗಳು

ಅದು 1979ನೇ ಇಸವಿ. ಯಶವಂತಪುರ ರೈಲ್ವೆ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮದು ಬಾಡಿಗೆ ಮನೆ. ಧಾರವಾಡದ ಕಡೆಯಿಂದ ಬಂದವರು ನಾವು. ಯಜಮಾನರಿಗೆ ಕಾರ್ಖಾನೆಯಲ್ಲಿ ಕೆಲಸ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಿತ್ತು. ಅವ್ವ ಹಾಸಿಗೆ ಹಿಡಿದಿದ್ದರಿಂದ ಇಲ್ಲೇ ಆಯಿತು. ಹೆಣ್ಣು ಮಗು.

ನಮ್ಮ ಕಡೆ ತೊಟ್ಟಿಲು ತವರಿನಿಂದ ಬರಬೇಕು. ಅದು ಬರುವಂತಿರಲಿಲ್ಲ. ಪಕ್ಕದ ಮನೆಯ ಮುನಿಯಮ್ಮನವರು ತಮ್ಮ ಹಳೆಯ ತೊಟ್ಟಿಲು ಕೊಡುವುದಾಗಿ ಮೊದಲೇ ಹೇಳಿದ್ದರು. ಬೀದಿಯ ಅರ್ಧ ಜನ ಅದರಲ್ಲೇ ಮಲಗಿ ಬೆಳೆದವರಂತೆ.

ಬೀದಿಯ ಕೊನೆಯಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರೊಬ್ಬರು ಸಂಘದ ಕೋಣೆಯಲ್ಲಿ ಊರಿನ ಹಳೆಯ ಸಂಗತಿಗಳ ಪ್ರದರ್ಶನ ನಡೆಸುತ್ತಿದ್ದರು. ತಿಂಗಳಿಗೊಂದು ವಿಷಯ. ಒಮ್ಮೆ ಕೆರೆಯ ಫೋಟೊಗಳು, ಒಮ್ಮೆ ರೈಲ್ವೆಯ ಲಾಂದ್ರಗಳು. ಎಲ್ಲವೂ ಮನೆಮನೆಯಿಂದ ಎರವಲು ತಂದದ್ದು. ವಿಷಯ ಬದಲಾದ ದಿನ ವಾಪಸ್. ಆ ತಿಂಗಳು ಹಳೆಯ ಮನೆಸಾಮಾನಿನ ಸರದಿ. ಹೆರಿಗೆಗೆ ಮೊದಲೇ ಮುನಿಯಮ್ಮ ತೊಟ್ಟಿಲನ್ನು ಅಲ್ಲಿಗೆ ಕೊಟ್ಟಿದ್ದರು. ಭಾನುವಾರ ವಾಪಸ್ ಬರುತ್ತದೆ, ನಾಮಕರಣ ಬುಧವಾರ ತಾನೇ ಎಂದುಕೊಂಡಿದ್ದೆವು. ಜನ ಮುಗಿಬಿದ್ದರೆಂದು ಮೇಷ್ಟ್ರು ಪ್ರದರ್ಶನವನ್ನು ಇನ್ನೊಂದು ವಾರ ಮುಂದುವರಿಸಿಬಿಟ್ಟರು.

ಮುನಿಯಮ್ಮ ಹೋಗಿ ಕೇಳಿದರು. ಊರಿಗೆಲ್ಲ ಹೇಳಿಯಾಗಿದೆ, ತೊಟ್ಟಿಲೇ ಇಲ್ಲದಿದ್ದರೆ ಬಂದವರಿಗೆ ಏನು ತೋರಿಸಲಿ ಎಂದು ಮೇಷ್ಟ್ರು ತಲೆ ಕೆರೆದುಕೊಂಡರಂತೆ. ಕೊನೆಗೆ, ಮಗುವನ್ನೇ ಅಲ್ಲಿಗೆ ಕರೆತನ್ನಿ ಎಂದು ಹೇಳಿ ಕಳಿಸಿದರು.

ನನಗೆ ಮೈಯೆಲ್ಲ ಉರಿಯಿತು. ನನ್ನ ಮಗಳೇನು ಲಾಂದ್ರವೇ, ಜನ ಸಾಲುಗಟ್ಟಿ ನೋಡಲು? ಆದರೆ ಆ ಸಿಟ್ಟಿನ ಅಡಿಯಲ್ಲಿದ್ದದ್ದು ಅಳು. ತವರಿನವರಿಲ್ಲ, ಗಂಡನ ಮನೆಯವರಿಗೂ ಬರಲಾಗಿಲ್ಲ. ನನ್ನ ಕೂಸನ್ನು ತೊಟ್ಟಿಲಿಗೆ ಹಾಕಲು ನಮ್ಮವರು ಎನ್ನುವ ಒಬ್ಬ ಹೆಂಗಸೂ ಇಲ್ಲವಲ್ಲ ಎಂಬ ಸಂಕಟ.

ಬುಧವಾರ ಮುಖ ಊದಿಸಿಕೊಂಡೇ ಹೋದೆ. ಬೀಸುಕಲ್ಲು, ಹಿತ್ತಾಳೆ ಹಂಡೆಗಳ ನಡುವೆ ತೊಲೆಯಿಂದ ತೊಟ್ಟಿಲು ತೂಗುತ್ತಿತ್ತು. ಯಾರೋ ಸೇವಂತಿಗೆ ಹೂ ಸುತ್ತಿದ್ದರು. 'ಮುಟ್ಟಬೇಡಿ' ಎಂಬ ಚೀಟಿಯನ್ನು ಮೇಷ್ಟ್ರೇ ಕಿತ್ತು ಜೇಬಿಗೆ ಹಾಕಿಕೊಂಡರು. ಪ್ರದರ್ಶನ ನೋಡಲು ಬಂದಿದ್ದ ಹೆಂಗಸರು ಹೋಗದೆ ನಿಂತರು. ಒಬ್ಬಾಕೆ ತಾನೂ ಇದರಲ್ಲೇ ಮಲಗಿದ್ದವಳೆಂದು ಹೇಳುತ್ತ ಮಗುವಿನ ಪಾದ ಸವರಿದಳು. ನಮ್ಮ ಕಡೆ 'ಗೋವಿಂದನ್ನ ತಗೋ, ಗೋಪಾಲನ್ನ ಕೊಡು' ಎನ್ನುತ್ತ ಮಗುವನ್ನು ತೊಟ್ಟಿಲ ಕೆಳಗೂ ಮೇಲೂ ದಾಟಿಸುತ್ತಾರೆ. ನಾನು ಹೇಳಿಕೊಟ್ಟ ಹಾಗೆ, ಹೆಸರೂ ಗೊತ್ತಿಲ್ಲದ ಆ ಹೆಂಗಸರು ಕೈಯಿಂದ ಕೈಗೆ ದಾಟಿಸಿದರು.

ಕಿವಿಯಲ್ಲಿ ಹೆಸರು ಹೇಳುವ ಹೊತ್ತಾಯಿತು. ಅದು ಸೋದರತ್ತೆಯ ಹಕ್ಕು. ನನ್ನ ನಾದಿನಿ ದೂರದ ಹುಬ್ಬಳ್ಳಿಯಲ್ಲಿದ್ದಳು.

"ಸೋದರತ್ತೆ ಯಾರಮ್ಮ?" ಎಂದು ಒಬ್ಬರು ಕೇಳಿದರು.

"ಯಾರೂ ಬಂದಿಲ್ರೀ" ಎಂದು ತಲೆ ತಗ್ಗಿಸಿದೆ.

ಮುನಿಯಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. "ಯಾಕೆ, ನಾನಿಲ್ವಾ? ಅತ್ತೆ ಸೀರೆ ಮಾತ್ರ ಬಿಡಲ್ಲ ಕಣಮ್ಮ, ಈಗ್ಲೇ ಹೇಳಿದೀನಿ."

ಎಲ್ಲರೂ ನಕ್ಕರು. ನಾನು ಅತ್ತೇಬಿಟ್ಟೆ. ಅವರು ಮಗುವಿನ ಕಿವಿಗೆ ಬಾಯಿಟ್ಟು, ಸುಮಂಗಲಾ ಎಂದು ಮೂರು ಸಲ ಹೇಳಿದರು.

ಮುಂದಿನ ವಾರ ಕೋಣೆಯಲ್ಲಿ ಬೇರೆ ವಿಷಯ ಬಂತು, ತೊಟ್ಟಿಲು ನಮ್ಮ ಮನೆಗೆ ಬಂತು. ಮೇಷ್ಟ್ರು ತೀರಿಹೋದ ಮೇಲೆ ಆ ಕೋಣೆಗೆ ಬೀಗ ಬಿತ್ತು. ಈಗಲೂ ಆ ಬೀದಿಯಲ್ಲಿ ಹೋದರೆ ಆ ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲುತ್ತೇನೆ. ನನ್ನ ಮಗಳಿಗೆ ಹೈಸ್ಕೂಲಿಗೆ ಹೋಗುವವರೆಗೂ ಮುನಿಯಮ್ಮ ನಮ್ಮ ರಕ್ತಸಂಬಂಧಿಯಲ್ಲ ಎಂಬುದೇ ಗೊತ್ತಿರಲಿಲ್ಲ. ಅಪ್ಪನ ಸ್ವಂತ ಅಕ್ಕ ಎಂದೇ ತಿಳಿದಿದ್ದಳು. ನಾನೂ ತಿದ್ದಲು ಹೋಗಿರಲಿಲ್ಲ.