ಬಿಸಿಲಿಗಿಟ್ಟ ಹರಳು

ಹಬ್ಬದ ರಜೆ ಮುಗಿಸಿ ಪ್ರಯೋಗಾಲಯಕ್ಕೆ ಕಾಲಿಟ್ಟರೆ, ಕಿಟಕಿಯ ಬಿಸಿಲಲ್ಲಿ ನನ್ನ ಹರಳು ಕೂತಿತ್ತು. ನೆತ್ತಿಯ ಮೇಲೆ ಕುಂಕುಮ, ಎದುರಿಗೆ ಒಡೆದ ತೆಂಗಿನಕಾಯಿ. ಮೂರು ತಿಂಗಳು ಕಪ್ಪು ಕಾಗದದಲ್ಲಿ ಸುತ್ತಿ ಕೂಸಿನಂತೆ ಕಾಪಾಡಿದ್ದ ಹರಳು! “ಯಾರು ಇದನ್ನು ಹೊರಗೆ ತೆಗೆದದ್ದು?” ಎಂದು ಕಿರುಚಿದೆ. ಪ್ರಿನ್ಸಿಪಾಲರ ಕೋಣೆಗೂ ಕೇಳಿಸಿತಂತೆ.

“ನಾನಾರೀ ಮೇಡಂ,” ಎಂದ ಅಟೆಂಡರ್ ಈರಣ್ಣ. ಕರೂರಿನವನು, ಸಿರುಗುಪ್ಪಕ್ಕೆ ಬಂದು ಬಸ್ಸು ಬದಲಿಸಿ ದಿನಾ ಬಳ್ಳಾರಿಗೆ ಬರುತ್ತಿದ್ದ. “ಆಯುಧಪೂಜಿ ಇತ್ತಲ್ರೀ. ಇದಾ ನಮ್ ದೊಡ್ಡ ಆಯುಧ ಅಂತ ನೀವಾ ಹೇಳಿದ್ರಿ. ಕತ್ತಲದಾಗ ಕುಂದ್ರಿಸಿ ಹೆಂಗ ಪೂಜಿ ಮಾಡಾದ್ರೀ?”

ಮೈಸೂರಿನ ಓದುಗರೇ, ನನ್ನ ಸಿಟ್ಟು ಅರ್ಥವಾಗಬೇಕಾದರೆ ಹರಳಿನ ಗುಣ ತಿಳಿದಿರಬೇಕು. ಹೆಸರು ಲಿಥಿಯಂ ನಿಯೋಬೇಟ್, ಗಾತ್ರ ಕಲ್ಲುಸಕ್ಕರೆಯ ತುಂಡಿನಷ್ಟು. ಎರಡು ಲೇಸರ್ ಕಿರಣಗಳು ಒಳಗೆ ಕೂಡಿದರೆ, ಬೆಳಕು ಬಿದ್ದಲ್ಲಿಂದ ವಿದ್ಯುತ್ ಕಣಗಳು ಸರಿದು ಕತ್ತಲಿದ್ದಲ್ಲಿ ಸೇರುತ್ತವೆ. ಆಗ ಹರಳು ಬೆಳಕನ್ನು ಬಾಗಿಸುವ ರೀತಿಯೇ ಎಳೆಎಳೆಯಾಗಿ ಬದಲಾಗುತ್ತದೆ. ಮೊದಮೊದಲು ಇದನ್ನು ಹಾನಿ ಎಂದೇ ತಿಳಿದಿದ್ದರು. ಆಮೇಲೆ ಗೊತ್ತಾಯಿತು, ಇದರಲ್ಲಿ ಚಿತ್ರವನ್ನೇ ಬರೆದಿಡಬಹುದು ಎಂದು. ಆದರೆ ಬರೆದ ಬೆಳಕೇ ಅಳಿಸಲೂ ಬಲ್ಲದು. ಎರಡು ದಿನದ ಬಳ್ಳಾರಿ ಬಿಸಿಲಿಗೆ ನನ್ನ ಚಿತ್ರ ಪೂರ್ತಿ ತೊಳೆದುಹೋಗಿತ್ತು.

ಅದು ಬರೀ ಚಿತ್ರವಲ್ಲ, ನನ್ನ ಪಿಎಚ್.ಡಿ. ಎಪ್ಪತ್ತರ ದಶಕದ ಕೊನೆಯಲ್ಲಿ ಇಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಹೊರಟಾಗಲೇ ಮೈಸೂರಿನ ನನ್ನ ಗೈಡ್ ನಕ್ಕಿದ್ದರು: “ಆ ಧೂಳಿನಲ್ಲಿ ಸಂಶೋಧನೆಯೇ? ಮಾಡಿದರೆ ಹರಳನ್ನೇ ತಂದು ತೋರಿಸು.” ಆ ಮಾತು ನನಗೆ ಮುಳ್ಳಿನಂತೆ ನಾಟಿತ್ತು.

ಅಲ್ಲಿ ಪ್ರಯೋಗಾಲಯದ ಸುತ್ತ ಮರ, ನೆರಳು, ಮೌನ. ಇಲ್ಲಿ ಅದಿರಿನ ಲಾರಿ ಹೋದರೆ ಗೋಡೆಯೇ ನಡುಗುತ್ತದೆ. ಕಿರಣ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕೆಡುತ್ತದೆ. ಬಂದ ಹೊಸತರಲ್ಲಿ ಬಾಡಿಗೆ ಮನೆಯ ಕಾದ ಛಾವಣಿಯ ಕೆಳಗೆ ಒಬ್ಬಳೇ ಕೂತು ಅತ್ತಿದ್ದೇನೆ. ನಮ್ಮ ಕಡಲೆಪುರಿಯ ಪುರಿಗೆ ಇಲ್ಲಿ ಮಂಡಕ್ಕಿ ಎನ್ನುತ್ತಾರೆ. ಒಗ್ಗರಣೆ ಹಾಕಿ ಮಿರ್ಚಿ ಬಜ್ಜಿಯ ಜೊತೆ ಕೊಟ್ಟದ್ದನ್ನು ಮೊದಲ ದಿನ ಕಣ್ಣೀರು ಸುರಿಸುತ್ತ ತಿಂದೆ. ಈರಣ್ಣನೇ ತಂದುಕೊಟ್ಟಿದ್ದು. ಅಲುಗದ ಮೇಜು ಬೇಕೆಂದಾಗ ಹತ್ತಿರದ ಕುರುಗೋಡಿನಿಂದ ಗಾಡಿಯಲ್ಲಿ ಕಲ್ಲುಚಪ್ಪಡಿ ತಂದು, ಗಾಳಿ ತುಂಬಿದ ಲಾರಿ ಟ್ಯೂಬುಗಳ ಮೇಲೆ ಕೂರಿಸಿದವನೂ ಅವನೇ. ಅಂಥವನನ್ನು ಆ ದಿನ ಬಾಯಿಗೆ ಬಂದಂತೆ ಬೈದೆ. ಈಗ ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಕಾಗದ ಯಾಕೆ ಸುತ್ತಿದ್ದೇನೆಂದು ಅವನಿಗೆ ಒಂದು ದಿನವೂ ನಾನು ಹೇಳಿರಲಿಲ್ಲ.

ಆಗ ಹೇಳಿದೆ. ಪೂರ್ತಿ ಕೇಳಿ, “ಮತ್ತ ಬರೀರಿ. ಯಾರನ್ನೂ ಒಳಗ ಬಿಡಾದಿಲ್ಲ ನಾನು,” ಎಂದ.

ಭಾನುವಾರ ಮಧ್ಯಾಹ್ನ, ಬಿಸಿಲಿಗೆ ಊರೆಲ್ಲ ಮಲಗಿದಾಗ ಲೇಸರ್ ಹಚ್ಚಿದೆ. ಬಳ್ಳಾರಿಯ ಗುಡ್ಡದ ಒಂದು ಫೋಟೋ ಫಿಲ್ಮನ್ನು ಕಿರಣಕ್ಕೆ ಅಡ್ಡ ಇಟ್ಟಿದ್ದೆ. ಯಾವುದೋ ಕಡತಕ್ಕೆಂದು ಪ್ರಿನ್ಸಿಪಾಲರೇ ಬಂದರು. ಹೊರಗಿನಿಂದ ಈರಣ್ಣನ ಪಿಸುಮಾತು ಕೇಳಿತು: “ಒಳಗ ಬೆಳಕು ಬರಿಯಾಕತ್ತೈತ್ರೀ ಸರ. ಆಮ್ಯಾಲ ಬರ್ರಿ.”

ಹರಳನ್ನು ಮೈಸೂರಿಗೆ ಒಯ್ದೆ. ಕತ್ತಲಕೋಣೆಯಲ್ಲಿ ಕಿರಣ ಹಾಯಿಸಿದಾಗ ಗುಡ್ಡ ಕೆಂಪಾಗಿ ಎದ್ದು ನಿಂತಿತು. ನಕ್ಕಿದ್ದ ಗೈಡ್ ಈಗ ಕಣ್ಣು ಕೀಳಲೊಲ್ಲರು. ಅವರಿವರನ್ನು ಕರೆದು ತೋರಿಸಿದ್ದೇ ತೋರಿಸಿದ್ದು. ನೋಡಲು ಹಾಯಿಸುವ ಕಿರಣವೂ ಚಿತ್ರವನ್ನು ಸ್ವಲ್ಪ ಸ್ವಲ್ಪ ಅಳಿಸುತ್ತದೆಂದು ಅವರಿಗೇ ಗೊತ್ತಿಲ್ಲವೇ? “ಭೇಷ್! ಆದರೆ ನಿನ್ನ ಬಳ್ಳಾರಿ ಸಾಕು. ಇಲ್ಲೇ ಜಾಗ ಕೊಡಿಸುತ್ತೇನೆ, ಬಂದುಬಿಡು,” ಎಂದರು.

“ನೋಡಿದ್ದು ಸಾಕು ಸಾರ್,” ಎಂದು ಹರಳಿಗೆ ಕಪ್ಪು ಕಾಗದ ಸುತ್ತಿದೆ. ಬರುವುದಿಲ್ಲ ಎಂದು ಮಾತ್ರ ಬಾಯಿಬಿಟ್ಟು ಹೇಳಲಾಗಲಿಲ್ಲ.

ಬಳ್ಳಾರಿಯಲ್ಲಿ ಈರಣ್ಣ ಬಾಗಿಲಲ್ಲೇ ಕಾದಿದ್ದ. “ನಿಮ್ಮೂರಾಗ ಏನಂದ್ರು ಮೇಡಂ?”

ನಿಮ್ಮೂರು ಎಂದದ್ದು ಯಾಕೋ ಚುಚ್ಚಿತು.

“ನಮ್ಮ ಕುರುಗೋಡು ಕಲ್ಲು ಭಾಳ ಚಲೋ ಐತಿ ಅಂದ್ರು ಈರಣ್ಣ,” ಎಂದೆ.

ಅವನ ಮುಖ ಅರಳಿತು. ಕಲ್ಲಿನ ವಿಷಯ ಅಲ್ಲಿ ಒಬ್ಬರೂ ಕೇಳಿರಲಿಲ್ಲ.