ಹತ್ತಿರದ ಸ್ಕ್ರೂ

ಹಲ್ಲಿನ ಲ್ಯಾಬಿನ ಮೇಸ್ತ್ರಿಗೆ ಬಗ್ಗುವುದನ್ನು ಕಂಡರಾಗದು. ದವಡೆಗೆ ನಾಲ್ಕು ಸ್ಕ್ರೂ ಹಾಕಿ ಕೂರಿಸುವ ಹಲ್ಲಿನ ಸೆಟ್ಟಿಗೆ ಒಳಗಿನ ಚೌಕಟ್ಟು ಮಾಡುವುದು ಅವನ ಕೆಲಸ. ಡಾಕ್ಟರು ಅದನ್ನು ಪ್ಲಾಸ್ಟಿಕ್‌ನಲ್ಲಿ ಮಾಡೆಂದರೆ ಕನ್ನಡಕ ಹಣೆಗೇರಿಸಿ ನಿಟ್ಟುಸಿರು ಬಿಡುತ್ತಾನೆ: "ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಸಾರ್. ಲೋಹ ಬಿಗಿಯಾಗಿ ನಿಂತು ನಾಲ್ಕೂ ಸ್ಕ್ರೂಗೆ ಭಾರ ಹಂಚುತ್ತೆ. ಇದು ಬಗ್ಗುತ್ತೆ, ಆಗ ಅಗಿಯೋ ಜಾಗಕ್ಕೆ ಹತ್ತಿರ ಇರೋ ಸ್ಕ್ರೂ ಒಂದೇ ಹೊರಬೇಕು." ಚಹಾದಂಗಡಿಯ ಬೆಂಚನ್ನೂ ಒತ್ತಿ ನೋಡದೆ ಕೂರುವವನಲ್ಲ, ಅಳಿಯನ ಕೈ ಕುಲುಕುವಾಗಲೂ ಮಣಿಕಟ್ಟು ಬಗ್ಗುತ್ತದೋ ಎಂದು ಪರೀಕ್ಷಿಸಿದನಂತೆ. ತಿಂಗಳ ಕೊನೆಗೆ ತಂಗಿ ಫೋನು ಮಾಡುತ್ತಾಳೆ: "ಅಣ್ಣಾ, ಅಮ್ಮನ್ನ ಈ ಸಲವೂ ನೀನೇ ನೋಡ್ಕೋ. ಮಿಕ್ಕ ನಾವು ಮೂರೂ ಮಕ್ಕಳು ದೂರ ಇದೀವಲ್ಲ." "ಆಗ್ಲಿ ಬಿಡಮ್ಮ," ಎನ್ನುತ್ತಾನೆ ಮೇಸ್ತ್ರಿ, ಹಾಸಿಗೆ ಹಿಡಿದ ತಾಯಿಯನ್ನು ಎತ್ತಿ ಕೂರಿಸಲು ಬೆನ್ನು ಬಗ್ಗಿಸುತ್ತಾ.